ಗೋಮಾಳದ ಅಂಬಮ್ಮನ ಜೀವನಚರಿತ್ರೆ

ಪತ್ರಿಕೆಯ ಕೆಲಸ ಬಿಟ್ಟ ಮೇಲೆ ರಾಮನಗರದ ರುದ್ರಪ್ರಸಾದ್ ಹನ್ನೊಂದು ಜೀವನಚರಿತ್ರೆ ಬರೆದಿದ್ದರು. ಕನಕಪುರದ ಗುತ್ತಿಗೆದಾರ, ಬಿಡದಿಯ ಕಲ್ಯಾಣಮಂಟಪದ ಮಾಲೀಕ, ಇಂಥವರು ಕರೆದು ಬರೆಸಿಕೊಂಡವು. ಹನ್ನೊಂದು ಮಂದಿಯೂ ಬೀದಿದೀಪದ ಕೆಳಗೆ ಓದಿ ಮುಂದೆ ಬಂದವರು. ಅವರ ಊರುಗಳಿಗೆ ಆಗ ಕರೆಂಟೇ ಬಂದಿರಲಿಲ್ಲ ಎಂಬುದು ಬೇರೆ ಮಾತು. ಹನ್ನೆರಡನೆಯದನ್ನಾದರೂ ಮನಸ್ಸು ಒಪ್ಪುವಂತೆ ಬರೆಯಬೇಕೆಂಬ ಹಟ ಅವರಿಗೆ ಹಿಡಿದಿತ್ತು.

ಅದು ಸೋಲೂರು ಕಡೆಯ ಕುರಿಸಾಕುವ ಅಂಬಮ್ಮನದು. ಇಪ್ಪತ್ತೇಳು ವರ್ಷದ ಹಿಂದೆ ಊರ ಗೋಮಾಳಕ್ಕೆ ಕಲ್ಲುಕ್ವಾರಿಯವರು ನುಗ್ಗಿದಾಗ, ಕುರಿಮಂದೆಯ ಸಮೇತ ಹತ್ತೊಂಬತ್ತು ದಿನ ಲಾರಿಗಳಿಗೆ ಅಡ್ಡ ಕೂತು ಮೇವಿನ ಜಾಗ ಉಳಿಸಿದವಳು ಅವಳು. ಪತ್ರಿಕೆಯಲ್ಲಿ ಬಂದದ್ದು ಮಾತ್ರ ಅವಳ ಮೈದುನ, ಪಂಚಾಯ್ತಿ ಮೆಂಬರ್ ಗಂಗಯ್ಯನ ಹೆಸರು. ಕಳಿಸಿದವರು ಸಾಕ್ಷಾತ್ ರುದ್ರಪ್ರಸಾದರೇ. ಸುದ್ದಿಯ ಕವರನ್ನು ಬೆಂಗಳೂರು ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದ ಕಾಲ ಅದು. ಬಸ್ಸು ಹೊರಡುವುದರಲ್ಲಿತ್ತು. ಗಂಗಯ್ಯ ಬರೆದುಕೊಟ್ಟ ಚೀಟಿಯನ್ನೇ ಕವರಿಗೆ ಹಾಕಿ ಕೈತೊಳೆದುಕೊಂಡರು, ಊರಿಗೆ ಹೋಗಿ ನೋಡಲಿಲ್ಲ. ಹೋದ ವರ್ಷ ಗಂಗಯ್ಯ ಸಾಯುವ ಮುಂಚೆ ಕರೆಸಿ ನಿಜ ಹೇಳಿದ. ಅಂದಿನಿಂದ ಅವರಿಗೆ ಅನ್ನ ಸೇರುತ್ತಿಲ್ಲ.

ಚನ್ನಪಟ್ಟಣದ ಪ್ರಕಾಶಕ ರೇಣುಕಾಪ್ರಸಾದ್ ಹಸ್ತಪ್ರತಿ ತಿರುವಿಹಾಕಿ ತಲೆ ಕೆರೆದುಕೊಂಡ. "ದಾಖಲೆ ಏನೈತೆ ಸಾರ್? ಪೇಪರಲ್ಲಿ ಗಂಗಯ್ಯ ಅಂತೈತಲ್ಲ."

"ಅದು ಸುಳ್ಳು ಕಣಯ್ಯ. ನಾನೇ ಕಳಿಸಿದ್ದು."

"ಇದೂ ನೀವೇ ಬರ್ದಿರೋದು ತಾನೆ? ನಾನು ಯಾವುದ್ನ ನಂಬ್ಲಿ? ಆಯಮ್ಮನ ಹೆಬ್ಬೆಟ್ಟು ಹಾಕ್ಸಿ ಒಪ್ಪಿಗೆ ಪತ್ರ ತನ್ನಿ, ಅಚ್ಚಿಗೆ ಹಾಕ್ತೀನಿ. ಇಲ್ದಿದ್ರೆ ಆಗಕಿಲ್ಲ."

ರುದ್ರಪ್ರಸಾದರ ಮೈ ಉರಿಯಿತು. ಹನ್ನೊಂದು ಬುರುಡೆಗಳನ್ನು ದಾಖಲೆ ಕೇಳದೆ ಅಚ್ಚು ಹಾಕಿದ ಮಹಾನುಭಾವ ಇವನು. ಬೈಗುಳ ಬಾಯಿತನಕ ಬಂತು, ನುಂಗಿಕೊಂಡು ಬಸ್ಸು ಹತ್ತಿದರು.

ಅಂಬಮ್ಮ ಜಗಲಿಯ ಮೇಲೆ ಕೂತು, ಪುಸ್ತಕಕ್ಕೆ ಅವಳ ಹೆಬ್ಬೆಟ್ಟು ಬೇಕೆಂದದ್ದನ್ನೆಲ್ಲ ಕೇಳಿಸಿಕೊಂಡಳು. ಒಪ್ಪಿಗೆ ಪತ್ರವನ್ನೂ ಶಾಯಿಯ ಡಬ್ಬಿಯನ್ನೂ ನೋಡಿದಳು. ಒಳಗೆ ಹೋಗಿ ಟ್ರಂಕಿನಿಂದ ಹಳದಿಗಟ್ಟಿದ ಪೇಪರ್ ತುಂಡೊಂದನ್ನು ತಂದಳು. ಅದೇ ಸುದ್ದಿ.

"ನಂಗೆ ಓದಕ್ ಬರಕಿಲ್ಲ ಸ್ವಾಮಿ. ಒಸಿ ಓದಿ."

ಎರಡು ತಿಂಗಳು ಕೂತು ಅವಳ ಕಥೆ ಬರೆದುಕೊಂಡಿದ್ದರೂ, ಪೇಪರಿನಲ್ಲಿ ಇರುವುದು ಗಂಗಯ್ಯನ ಹೆಸರು ಎಂಬ ಈ ಒಂದು ವಿಷಯ ಹೇಳುವ ಧೈರ್ಯ ಅವರಿಗೆ ಬಂದಿರಲಿಲ್ಲ. ತನ್ನ ಹೆಸರಿದೆ ಎಂದೇ ಇಷ್ಟು ವರ್ಷ ಜೋಪಾನ ಮಾಡಿದ್ದಾಳಲ್ಲ ಎಂದು ಕರುಳು ಚುರುಕ್ಕೆಂದಿತು. ಗಂಗಯ್ಯನ ಹೆಸರಿದ್ದ ಕಡೆಯಲ್ಲೆಲ್ಲ ಅಂಬಮ್ಮ ಎಂದು ಸೇರಿಸಿ ಕೊನೆಯವರೆಗೂ ಓದಿದರು. ಓದಿ ಮುಗಿಸಿದಾಗ ಅವರಿಗೇ ಒಂಥರಾ ಸಮಾಧಾನವಾಯಿತು.

ಅಂಬಮ್ಮ ಪೇಪರನ್ನು ಇಸಿದುಕೊಂಡು ಮಡಿಸಿದಳು.

"ಅದ್ರಾಗೆ ಗಂಗಯ್ಯ ಅಂತೈತೆ ಸ್ವಾಮಿ. ನನ್ ಮಗ ಬೀರೇಶ ಅವತ್ತೇ ಓದಿ ಹೇಳಿದ್ದ."

"ಅವ್ವ, ನಿಮಗೆ ಬೇಜಾರಾಗಬಾರದು ಅಂತ..."

"ಸುದ್ದಿ ಕಳ್ಸಿದ್ದು ನೀವೇ ಅಂತ್ಲೂ ಗೊತ್ತೈತೆ. ಅವತ್ತು ನೀವು ಊರ್ಗೇ ಬರ್ನಿಲ್ಲ, ಗೊತ್ತಾಗ್ನಿಲ್ಲ, ಹೋಗ್ಲಿ. ಇವತ್ತು ಕೈಲಿ ಹಿಡ್ಕಂಡು, ಕಣ್ಣಾರೆ ನೋಡ್ಕಂಡು, ಇಲ್ದೇ ಇರೋದ್ನ ಓದಿದ್ರಿ. ನಿಮ್ ಪುಸ್ತಕದಾಗೆ ಏನೈತೆ ಅಂತ ನಾನು ಹೆಂಗ್ ನಂಬ್ಲಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವರಿಗೆ ತಡೆದುಕೊಳ್ಳಲಾಗಲಿಲ್ಲ. ಅವಳು ಒಪ್ಪಿಗೆ ಪತ್ರವನ್ನು ಅವರ ಕಡೆಗೇ ಸರಿಸಿ ಎದ್ದಳು.

"ನಾನು ಹೆಬ್ಬೆಟ್ಟು ಒತ್ತಕಿಲ್ಲ. ಮಜ್ಜಿಗೆ ತತ್ತೀನಿ, ಕುಡ್ಕಂಡು ಹೋಗಿ."