ಒಂದು ಅಂಕಕ್ಕೆ ಒಬ್ಬ ಗಂಡ

ಈ ಹಾರಕ್ಕೆ ತಲೆಎಣ್ಣೆ ವಾಸನೆ, ಯಾರದೋ, ಎಷ್ಟು ಜನರದೋ, ಬಟ್ಟೆ ಹೂವಿನ ಹಾರ, ಒಂದು ದಿನವೂ ಒಗೆದ ಹಾಗಿಲ್ಲ, ಹೋದ ವಾರ ಇದನ್ನ ಹಾಕ್ಕೊಂಡು ಹಲ್ಲು ಕಿರಿದವಳು ಯಾವಳೋ — ಥೂ, ಕುತ್ತಿಗೆಗೆ ಅಂಟ್ತಾ ಇದೆ, ಅಲ್ಕಾಪುರಿ ಬಡಾವಣೆಯ ಒಂದು ಕಟ್ಟಡದ ಮೂರನೇ ಮಹಡಿ, ಮುಂದಿನ ಕೋಣೆಯಲ್ಲಿ ವೀಸಾ ಫೈಲುಗಳು, ಹಿಂದಿನ ಕೋಣೆಯಲ್ಲಿ ಮದುವೆ ಮಂಟಪ, ಎರಡು ಪ್ಲಾಸ್ಟಿಕ್ ಬಾಳೆಗಿಡ, ಒಂದು ಕೆಂಪು ಪರದೆ, ವಿಭಾಬೆನ್, ಸ್ವಲ್ಪ ಸ್ಮೈಲ್ ಕೊಡಿ, ಅಂತಾನೆ ಭಾವಿನ್‌ಭಾಯ್, ಈ ಕನ್ಸಲ್ಟೆನ್ಸಿಯ ಮಾಲೀಕ, ಸೋಂಪು ಅಗೀತಾ, ಎಂಬೆಸಿಯವರು ಫೋಟೋ ನೋಡ್ತಾರೆ, ಖುಷಿಯಾಗಿ ಕಾಣಬೇಕು, ಕಾಣ್ತೀನಿ ಕಣಯ್ಯ, ಮೂವತ್ತೈದು ವರ್ಷಕ್ಕೆ ಇದೊಂದು ಬಾಕಿ ಇತ್ತು, ಮೂವತ್ತೈದೆಲ್ಲಿ, ಮೂವತ್ತನಾಲ್ಕೂವರೆ, ಅದೇ ತಾನೇ ಎಡವಟ್ಟು.

ಆರು ಅಂಕ ಇದ್ದರೆ ಜರ್ಮನಿಯಲ್ಲಿ ಒಂದು ವರ್ಷ ಇದ್ದು ಕೆಲಸ ಹುಡುಕೋಕೆ ಪರ್ಮಿಟ್ ಕೊಡ್ತಾರೆ, ನನ್ನ ಹತ್ತಿರ ಐದು, ವಯಸ್ಸು ಮೂವತ್ತೈದರೊಳಗಿದ್ದರೆ ಎರಡು, ತುಂಬಿದರೆ ಒಂದೇ, ನಾನು ಹುಟ್ಟಿದ್ದು ಸಂಕ್ರಾಂತಿ ದಿನ, ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಲ್ಲಿ, ಅಮ್ಮ ಎಳ್ಳು ಹುರೀತಾ ಇದ್ದಾಗ ನೋವು ಬಂತಂತೆ, ಪಾಸ್‌ಪೋರ್ಟಲ್ಲಿ ಮಾತ್ರ ಹಿಂದಿನ ವರ್ಷದ ಜೂನ್ ಒಂದು, ಅದರ ಲೆಕ್ಕದಲ್ಲಿ ಮೂವತ್ತೈದು ತುಂಬಿಹೋಯ್ತು, ನಮ್ಮ ಕ್ಲಾಸಲ್ಲಿ ಅರ್ಧಕ್ಕರ್ಧ ಮಕ್ಕಳು ಜೂನ್ ಒಂದನೇ ತಾರೀಖೇ ಹುಟ್ಟಿದವರು, ಮಗುಗೆ ಆರು ತುಂಬಿರಬೇಕಲ್ಲ ಪಾಂಡುರಂಗ, ಅಂದರಂತೆ ಹೆಡ್‌ಮಾಸ್ಟರು, ನೀವೇ ತುಂಬಿಸಿಬಿಡಿ ಸಾರ್, ಅಂದರಂತೆ ಅಪ್ಪ, ಇಬ್ಬರೂ ನಕ್ಕು ಕಾಫಿ ಕುಡಿದರಂತೆ, ಈ ಕಥೆ ಹೇಳಿ ಹೇಳಿ ಅಪ್ಪ ಎಷ್ಟು ಹೆಮ್ಮೆಪಡ್ತಿದ್ದರು, ಪುಣ್ಯಾತ್ಮರು ಇಲ್ಲ ಈಗ, ಯಾರ ಹತ್ತಿರ ಜಗಳ ಆಡಲಿ, ತಾರೀಖು ತಿದ್ದಿಸೋಣ ಅಂದರೆ ಕೋರ್ಟು, ವರ್ಷಗಟ್ಟಲೆ, ಆ ಒಂದು ಅಂಕ ಜರ್ಮನ್ ಭಾಷೆಯಲ್ಲಿ ಗಳಿಸೋಣ ಅಂದರೆ ಮುಂದಿನ ಹಂತದ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ, ಹಾಗಂತ ಸುಮ್ಮನಿರೋಕೂ ಆಗಲ್ಲ, ಔಷಧಿ ಕಂಪನಿಯ ಲ್ಯಾಬಲ್ಲಿ ಹತ್ತು ವರ್ಷ, ಇನ್ನೂ ಕಾಂಟ್ರ್ಯಾಕ್ಟು, ನಾನೇ ಕೆಲಸ ಕಲಿಸಿದ ಮೂರು ಹುಡುಗರು ಈಗ ನನ್ನ ಬಾಸುಗಳು, ವಿಭಾಬೆನ್, ರಿಪೋರ್ಟ್ ಎಲ್ಲಿ, ಅಂತಾರೆ ಕೂತಲ್ಲಿಂದಲೇ, ಇನ್ನು ಹತ್ತು ವರ್ಷ ಅದನ್ನ ಕೇಳೋ ಬದಲು — ಅದಕ್ಕೇ ಭಾವಿನ್‌ಭಾಯ್ ಹೇಳಿದಾಗ ಎದ್ದು ಬರಲಿಲ್ಲ, ಗಂಡ ಹೆಂಡತಿ ಇಬ್ಬರೂ ಅರ್ಹರಾಗಿದ್ದು ಜೊತೆಗೆ ಅರ್ಜಿ ಹಾಕಿದರೆ ಒಂದು ಅಂಕ ಸಿಗುತ್ತೆ ಬೆನ್, ನಿಮ್ಮ ಕರ್ನಾಟಕದವರೇ ಒಬ್ಬರಿದ್ದಾರೆ, ಬರೀ ಪೇಪರಲ್ಲಿ, ಅಲ್ಲಿ ಕೆಲಸ ಸಿಕ್ಕಮೇಲೆ ನೀವು ಯಾರೋ ಅವರು ಯಾರೋ, ಅವರಿಗೂ ಎಲ್ಲ ಗೊತ್ತು, ಟೆನ್ಶನ್ ಬೇಡ, ಅಂದ, ನಾನು ಎರಡು ದಿನ ಅನ್ನ ಬಿಟ್ಟು ಮೂರನೇ ದಿನ ಹೂಂ ಅಂದೆ, ಈ ಭಾವಿನ್‌ಭಾಯ್ ಮೇಲೆ ಅಸಹ್ಯ ಪಟ್ಟುಕೊಳ್ಳೋಕೆ ನನಗೇನು ಯೋಗ್ಯತೆ.

ಪಕ್ಕದಲ್ಲಿ ನಿಂತವನು ಚಂದ್ರಶೇಖರ, ಸೂರತ್ತಿನ ವರಾಛಾದಲ್ಲಿ ವಜ್ರ ಕೊಯ್ಯೋ ಲೇಸರ್ ಮಿಷನ್ ರಿಪೇರಿ ಮಾಡ್ತಾನಂತೆ, ಮೂವತ್ತೆಂಟು ವರ್ಷ, ಹೊಸ ಷರ್ಟು, ಕಾಲರಿನ ಹಿಂದೆ ಬೆಲೆಚೀಟಿಯ ದಾರ ಹಾಗೇ ಇದೆ, ನನ್ನ ಮುಖ ನೋಡಲ್ಲ, ನೋಡದಿದ್ದರೆ ಒಳ್ಳೇದೇ, ಆದರೆ ತಾಯಿಯನ್ನ ಯಾಕೆ ಕರಕೊಂಡು ಬಂದ, ನಾಟಕಕ್ಕೆ ತಾಯಿ ಯಾಕೆ, ರಮಾಮಣಿ ಅಂತ ಹೆಸರು ಹೇಳಿಕೊಂಡು ಬಂದು ನನ್ನ ಕೈ ಹಿಡಿದುಕೊಂಡಿದ್ದಾರೆ, ಬಿಡೋದೇ ಇಲ್ಲ, ರೈಲಲ್ಲಿ ಬಂದ ಬೆವರು, ಮೈಸೂರು ಸ್ಯಾಂಡಲ್ ಸೋಪು, ಇಲ್ಲಿ ಕನ್ನಡದ ಹುಡುಗಿ ಸಿಗ್ತಾಳೆ ಅಂತ ಅಂದ್ಕೊಂಡೇ ಇರಲಿಲ್ಲ ಕಣಮ್ಮ, ಹನ್ನೊಂದು ವರ್ಷ ಹುಡುಕಿದ್ದೀವಿ ಇವನಿಗೆ, ಭಾವಿನ್‌ಭಾಯ್ ನಿನ್ನ ಹುಟ್ಟಿದ ತಾರೀಖು ಕೊಟ್ಟರು, ಜೂನ್ ಒಂದು ಅಲ್ವಾ, ನಮ್ಮ ಜೋಯಿಸರ ಹತ್ತಿರ ಕೂಡಿಸಿದೆ, ಮೂವತ್ತಾರರಲ್ಲಿ ಇಪ್ಪತ್ತೆಂಟು ಗುಣ ಬಂತು ನೋಡು — ಏನು, ಏನಂದರು ಇವರು, ಹುಡುಕಿದ್ದೀವಿ ಅಂದರೇನು, ಕೂಡಿಸಿದೆ ಅಂದರೇನು, ನಾನು ಭಾವಿನ್‌ಭಾಯ್ ಕಡೆ ತಿರುಗಿದೆ, ಅವನು ಸೋಂಪಿನ ಡಬ್ಬಿ ಮುಚ್ಚಿ ಮೊಬೈಲು ನೋಡ್ತಾ ಇದ್ದಾನೆ, ಚಂದ್ರಶೇಖರನ ಕಿವಿ ಕೆಂಪಗಾಗಿದೆ, ಅದು ನಾಚಿಕೆ, ನಾಟಕದ್ದಲ್ಲ, ಇದು ಬರೀ ಪೇಪರ್ ಮದುವೆ ಅಂತ ಇವನಿಗೂ ಗೊತ್ತಿಲ್ಲ, ಇಬ್ಬರಿಗೂ ಗೊತ್ತಿಲ್ಲ, ಅಯ್ಯೋ ದೇವರೇ, ನನಗೊಂದು ಅಂಕ, ಇವರಿಗೊಂದು ಸೊಸೆ, ಹೇಳಿಬಿಡು ವಿಭಾ, ಈಗಲೇ ಬಾಯಿ ಬಿಡು, ಅಮ್ಮಾ ಇದು ಸುಳ್ಳು, ಆ ಜಾತಕ ಕೂಡ ನಂದಲ್ಲ, ಅಷ್ಟೇ ಮಾತು, ಹೇಳಿದರೆ ಫೈಲು ಅಲ್ಲಿಗೇ ಮುಗೀತು, ನಾಳೆ ಒಂಬತ್ತಕ್ಕೆ ರಿಪೋರ್ಟ್ ಎಲ್ಲಿ ವಿಭಾಬೆನ್ — ಬರೀ ಹಣೆಯಲ್ಲಿ ಫೋಟೋನಾ, ಇರು ಒಂದು ನಿಮಿಷ, ಅಂತ ರಮಾಮಣಿಯಮ್ಮ ಚೀಲದಿಂದ ಭರಣಿ ತೆಗೆದರು, ಬೆಳ್ಳಿದು, ಹಳೇದು, ಉಂಗುರಬೆರಳು ಕುಂಕುಮದಲ್ಲಿ ಅದ್ದಿದರು, ಹೇಳು, ಬೆರಳು ಎತ್ತಿದರು, ಹೇಳೇ ದರಿದ್ರದವಳೇ, ಬೆರಳ ತುದಿ ಕೆಂಪು, ಹತ್ತಿರ ಬಂತು, ನಾನೇ, ಯಾರೂ ಹೇಳದೆ ನಾನೇ, ಹಣೆ ಮೇಲಿನ ಕೂದಲು ಸರಿಸಿ ಬಗ್ಗಿದೆ, ಬೆರಳು, ಆ ಕೆಂಪು ಬೆರಳು