ಜೇಬಿನ ತುಂಡು ಎತ್ತೋಕೆ ಬಂದ ಹೊಸ ಸೊಸೆ

ಯಜಮಾನರ ಅಳಿಯ ಬಟ್ಟೆ ಕಾರ್ಖಾನೆಗೆ ಕಾಲಿಟ್ಟಾಗಿನಿಂದ ಒಂದು ತುಂಡು ಬಟ್ಟೆ ಮುಟ್ಟಿದವನಲ್ಲ. ಹೊಲಿಗೆ ಹಾಲಿನ ಉದ್ದಕ್ಕೂ ಕೈ ಹಿಂದೆ ಕಟ್ಟಿಕೊಂಡು ಓಡಾಡ್ತಿದ್ದ. ಕಟ್ಟಿಕೊಳ್ಳೋದು ಬಿಟ್ಟರೆ ಆ ಕೈಗಳಿಗೆ ಬೇರೆ ಕೆಲಸವೂ ಇರಲಿಲ್ಲ ಅನ್ನಿ.

ಅಂಥವನ ಕಣ್ಣು ಬಿದ್ದದ್ದು ಜೇಬಿನ ಮೇಜಿನ ಮೇಲೆ. ಕತ್ತರಿಸಿದ ಜೇಬಿನ ತುಂಡುಗಳು ಅಲ್ಲಿಗೆ ಕಂತೆ ಕಂತೆಯಾಗಿ ಬರ್ತವೆ. ಎಲ್ಲರೂ ದೊಡ್ಡಕ್ಕ ಅಂತ ಕರೆಯೋ ಹೆಂಗಸು ಮತ್ತೆ ಅವಳ ಪಕ್ಕದವಳು ಮೇಲಿನ ತುಂಡನ್ನ ಬೆರಳಲ್ಲಿ ಬಿಡಿಸಿ, ಎತ್ತಿ, ಹೊಲಿಯೋರ ಮುಂದೆ ಇಡ್ತಾರೆ. ಅಷ್ಟೇ ಕೆಲಸ.

"ಎತ್ತಿ ಇಡೋಕೆ ಇಬ್ಬರು ಬೇಕಾ ಮಾವ? ಒಂದು ಮೆಷಿನ್ ಸಾಕಲ್ಲ." ಅಂದ ಅಳಿಯ. ತಾನು ಯಾತಕ್ಕೆ ಬೇಕು ಅಂತ ಮಾತ್ರ ಕೇಳಿಕೊಳ್ಳಲಿಲ್ಲ.

ಮಾವ ಲೆಕ್ಕದ ಮನುಷ್ಯ. "ಮೆಷಿನ್ ತರ್ಸಿ, ನೋಡೋಣ. ಮುಂದಿನ ತಿಂಗಳು ಶರ್ಟು ಕೊಳ್ಳೋ ಕಂಪನಿಯಮ್ಮ ಬರ್ತಾರೆ. ಅವರ ಮುಂದೆ ಅದು ಒಂದೊಂದೇ ತುಂಡು ಎತ್ತಿದ್ರೆ ಹೊಲಿಗೆ ವಿಭಾಗ ಪೂರ್ತಿ ನಿಮ್ಮದು. ಎತ್ತಲಿಲ್ಲ ಅಂದ್ರೆ ನೀವೂ ಯಾವುದಾದ್ರೂ ಮೇಜಿನ ಮುಂದೆ ನಿಂತು ಕೆಲಸ ಕಲೀರಿ."

ಹೊಲಿಗೆ ವಿಭಾಗ ಅಂದ್ರೆ ಮಹಡಿ ಮೇಲಿನ ಗಾಜಿನ ಕೋಣೆ. ಮೇಜಿನ ಮುಂದೆ ಅಂದ್ರೆ ಕೆಳಗಡೆ, ಜನದ ನಡುವೆ. ಅಳಿಯ ಆವತ್ತೇ ಮೆಷಿನ್‌ಗೆ ಹೇಳಿಕಳಿಸಿದ.

ಬಂತು. ಉದ್ದನೆಯ ಕಬ್ಬಿಣದ ಕೈ, ತುದಿಯಲ್ಲಿ ಗಾಳಿ ಹೀರಿ ಬಟ್ಟೆ ಕಚ್ಚಿಕೊಳ್ಳೋ ರಬ್ಬರ್ ಬಟ್ಟಲುಗಳು. ಗಾಳಿಗೆ ತುಂಡು ಹಾರಬಾರದು ಅಂತ ಅರ್ಧ ಹಾಲಿನ ಫ್ಯಾನ್ ಬಂದ್ ಆಯ್ತು. ಸೆಕೆ ಮೆಷಿನ್‌ಗೆ ಒಗ್ಗಲ್ಲ ಅಂತ ಅದರ ಮೂರು ಕಡೆ ಗೋಡೆ ಕಟ್ಟಿ ಎಸಿ ಹಾಕಿದ್ದಾಯ್ತು. ಪಕ್ಕದಲ್ಲಿ ಧಡಧಡ ನಡೀಬಾರದು ಅಂತ ಅಪ್ಪಣೆಯೂ ಆಯ್ತು. ದೊಡ್ಡಕ್ಕನನ್ನೂ ಪಕ್ಕದವಳನ್ನೂ ದಾರ ಕತ್ತರಿಸೋಕೆ ಹಾಕಿದ.

"ಮನೆಗೆ ಹೊಸ ಸೊಸೆ ಬಂದಳು ಕಣೇ," ಅಂದಳು ದೊಡ್ಡಕ್ಕ ಸೆರಗಲ್ಲಿ ಬೆವರು ಒರೆಸಿಕೊಳ್ತಾ. "ಇನ್ನು ನಾವೆಲ್ಲ ತುದಿಗಾಲಲ್ಲಿ."

"ಕೆಲಸ ಬರುತ್ತಂತಾ?"

"ತಣ್ಣಗೆ ಕೂರೋದು ಬರುತ್ತೆ. ಮಿಕ್ಕಿದ್ದು ಅಳಿಯದೇವರು ಹೇಳಿಕೊಡ್ತಾರೆ. ಅವರಿಗೂ ಅದೊಂದೇ ಬರೋದು."

ಸೊಸೆ ಮೊದಲ ದಿನ ಕೈ ಚಾಚಿ ಮೂರು ತುಂಡು ಒಟ್ಟಿಗೆ ಎತ್ತಿದಳು. ತೆಳು ಬಟ್ಟೆ, ಹೀರಿದ ಗಾಳಿ ಮೇಲಿನದನ್ನ ದಾಟಿ ಕೆಳಗಿನವನ್ನೂ ಎಳೆದುಕೊಳ್ತಿತ್ತು. ಗಾಳಿ ತಗ್ಗಿಸಿದರೆ ಒಂದೂ ಬರಲಿಲ್ಲ. ಒಮ್ಮೆ ಅಪ್ಪಿತಪ್ಪಿ ಒಂದೇ ಬಂತು. ಸತ್ತ ಇಲಿಯನ್ನ ಬಾಲ ಹಿಡಿದು ಎತ್ತಿದ ಹಾಗೆ ಮೂಲೆ ಹಿಡಿದು ಜೋತಾಡಿಸಿ, ಮುದುರಿ ಮುದ್ದೆ ಮಾಡಿ ಬಿಸಾಕಿದಳು.

ಬೇರೆ ಯಾರಾದ್ರೂ ಆಗಿದ್ರೆ ಮೆಷಿನ್ ಸರಿಯಿಲ್ಲ ಅಂತಿದ್ರು. ಅಳಿಯ, ಬಟ್ಟೆ ಸರಿಯಿಲ್ಲ ಅಂದ. "ಸಮಸ್ಯೆ ಏನು ಗೊತ್ತಾ? ಬಟ್ಟೆಗೆ ಬೆನ್ನುಮೂಳೆ ಇಲ್ಲ." ಮಾವ ಎದುರಿಗೆ ಬಂದರೆ ಇಸ್ತ್ರಿಪೆಟ್ಟಿಗೆ ಕಂಡ ಹತ್ತಿಬಟ್ಟೆ ಥರ ಚಪ್ಪಟೆಯಾಗೋ ಮನುಷ್ಯ ಹೇಳಿದ ಮಾತು ಇದು.

ಮೂಳೆ ಇಲ್ಲದ ಬಟ್ಟೆಗೆ ಅವನು ಮೂಳೆ ಕೊಟ್ಟ. ಅಂದ್ರೆ ಗಂಜಿ ಹಾಕಿಸಿದ. ಗಂಜಿ ಕಾಯಿಸೋಕೆ ಒಬ್ಬ, ಅದ್ದೋಕೆ ಇನ್ನಿಬ್ಬರು, ಒಣಹಾಕೋರು, ಇಸ್ತ್ರಿ ಹೊಡೆಯೋರು, ಶರ್ಟು ಹೊಲಿದಾದ ಮೇಲೆ ಗಂಜಿ ಬಿಡಿಸಿ ಒಗೆಯೋರು. ತುಂಡುಗಳು ರಟ್ಟಿನ ಹಾಗೆ ಸೆಟೆದು ಕೂತವು. ಸೊಸೆ ಒಂದೊಂದೇ ಎತ್ತಿದಳು. ಅಳಿಯ ಆವತ್ತು ಸಂಜೆ ಶಿಳ್ಳೆ ಹಾಕಿಕೊಂಡು ಮನೆಗೆ ಹೋದ.

ಹೆಂಡತಿ ಅಪ್ಪನ ಕಾರ್ಖಾನೆಯಲ್ಲಿ ಮಾಲು ಕಳಿಸೋ ಜವಾಬ್ದಾರಿ ಹೊತ್ತವಳು. ಕೇಳಿದಳು, "ರೀ, ಇಬ್ಬರ ಕೆಲಸಕ್ಕೆ ಈಗ ಎಷ್ಟು ಜನ ಆದ್ರು?"

"ಎತ್ತೋ ವಿಭಾಗದಲ್ಲಿ ಸೊನ್ನೆ. ಮಿಕ್ಕವರೆಲ್ಲ ಪೂರ್ವಸಿದ್ಧತಾ ವಿಭಾಗ."

"ಸೊನ್ನೆ ಇರೋದು ಎಲ್ಲಿ ಅಂತ ನಂಗೊತ್ತು ಬಿಡಿ," ಅಂದು ದೀಪ ಆರಿಸಿದಳು.

ಕಂಪನಿಯಮ್ಮ ಬಂದ ದಿನ ಅಳಿಯ ಕಪ್ಪು ಬೂಟು, ಟೈ ಹಾಕಿಕೊಂಡು ಮೆಷಿನ್ ಪಕ್ಕ ಹೆತ್ತವನ ಹಾಗೆ ನಿಂತಿದ್ದ. ಸೊಸೆ ಎತ್ತಿದಳು, ಇಟ್ಟಳು, ಎತ್ತಿದಳು, ಇಟ್ಟಳು. ಕಂಪನಿಯಮ್ಮ ಒಂದು ತುಂಡು ತಗೊಂಡು ಉಗುರಲ್ಲಿ ತಟ್ಟಿದಳು. ಟಕ್ ಅಂತು.

"ಇದು ಜೇಬಾ, ಲಕೋಟೆನಾ?"

ಉತ್ತರಕ್ಕೆ ಕಾಯದೆ ಕತ್ತರಿಸೋ ಮೇಜಿಗೆ ಹೋಗಿ, ಗಂಜಿ ಕಾಣದ ಹಸಿ ಕಂತೆ ಒಂದನ್ನ ತಾನೇ ತಂದು ಮೆಷಿನ್ ಮುಂದೆ ಇಟ್ಟಳು. "ಇದನ್ನ ಎತ್ತಿಸಿ."

ಅಳಿಯ ಮೆಷಿನ್‌ಗೆ ಅಡ್ಡ ಬಂದ. "ಮೇಡಂ, ಇದು ಮೆಷಿನ್‌ಗೆ ವಿಶ್ರಾಂತಿ ಹೊತ್ತು."

ಇಡೀ ಹಾಲಿನ ತಲೆಗಳು ಎದ್ದವು. ಹೋದ ತಿಂಗಳು ಈ ಕೆಲಸದವರ ಚಹಾದ ಹೊತ್ತನ್ನ ಅರ್ಧಕ್ಕೆ ಕತ್ತರಿಸಿದ್ದು ಇದೇ ಮಹಾಶಯ.

"ಯಾಕೆ, ಸೊಂಟ ನೋವಾ?" ಅಂದಳು ಕಂಪನಿಯಮ್ಮ.

ಮಾವ ಗುಂಡಿ ಒತ್ತಿ ಅನ್ನೋ ಹಾಗೆ ಗದ್ದ ಆಡಿಸಿದರು. ಅಳಿಯ ಒತ್ತಿದ. ಕಬ್ಬಿಣದ ಕೈ ಕೈಕೊಟ್ಟಿತು, ನಾಲ್ಕು ತುಂಡು ಒಟ್ಟಿಗೆ ಮೇಲೆದ್ದವು. ಗಾಜಿನ ಕೋಣೆ ಕಣ್ಣೆದುರೇ ಕರಗೋದು ಕಂಡು ಅಳಿಯ ಮುಂದಕ್ಕೆ ಹಾರಿದ. ಟೈ ಹೆಗಲ ಮೇಲೆ ಎಸೆದ, ಕಂತೆಗೆ ಕೈಹಾಕಿದ, ಮೇಲಿನ ತುಂಡನ್ನ ಉಗುರಲ್ಲಿ ಬಿಡಿಸಿ ಎರಡೂ ಕೈಲಿ ಎಳೆದು ಹಿಡಿದು ರಬ್ಬರ್ ಬಟ್ಟಲಿನ ಬಾಯಿಗೆ ಕೊಟ್ಟ. ಕಚ್ಚಿಕೊಂಡಿತು. ಇನ್ನೊಂದು ಕೊಟ್ಟ, ಅದೂ ಕಚ್ಚಿಕೊಂಡಿತು. ಹಸುಗೂಸಿಗೆ ತುತ್ತಿಟ್ಟ ಹಾಗೆ ಇಡ್ತಾ ಹೋದ. ಮುಖದ ತುಂಬ ಬೆವರು, ಗೆಲುವು.

"ನೋಡಿ ಮೇಡಂ, ಒಂದೊಂದೇ ಎತ್ತುತ್ತೆ."

ಕಂಪನಿಯಮ್ಮ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಯಜಮಾನರ ಕಡೆ ತಿರುಗಿ, "ಇವರ ಕೈ ಪರವಾಗಿಲ್ಲ, ಓಡುತ್ತೆ. ಮಧ್ಯದಲ್ಲಿ ಆ ಕಬ್ಬಿಣದ ಕೈ ಯಾಕೆ?" ಅಂದಳು.

ಅವಳು ಹೋದ ಮೇಲೆ ಮಾವ ಮೆಷಿನ್‌ನ ಪ್ಲಗ್ ತಾವೇ ಕಿತ್ತರು. ಫ್ಯಾನ್ ಹಾಕಿಸಿದರು. "ದೊಡ್ಡಕ್ಕ, ನಾಳೆಯಿಂದ ಜೇಬಿನ ಮೇಜಿಗೆ ಬಾರಮ್ಮ. ನಿನ್ನ ಪಕ್ಕದವಳು ಹೊಲಿಗೆಗೆ ಹಾಕಿ ಅಂತ ಕೇಳ್ತಾನೇ ಇದ್ದಳಲ್ಲ, ಹೋಗ್ಲಿ. ಅವಳ ಜಾಗದಲ್ಲಿ ಅಳಿಯಂದಿರು ನಿಲ್ತಾರೆ. ಕೆಲಸ ಈಗ ತಾನೇ ಕಲ್ತಿದ್ದಾರೆ."

"ಬನ್ನಿ ಸಾರ್, ಮೇಜು ದೊಡ್ಡದಿದೆ," ಅಂದಳು ದೊಡ್ಡಕ್ಕ.

ಮಾನ ಇದ್ದವನಾಗಿದ್ರೆ ಬಾಗಿಲ ಕಡೆ ನಡೀತಿದ್ದ. ಅಳಿಯ ಮಾವನ ಹಿಂದೆ ನಡೆದ. "ಮಾವ, ಹುದ್ದೆಗೆ ಏನಂತ ಹೆಸರು?"

"ಏನಾದ್ರೂ ಇಟ್ಕೊಳ್ಳಿ."

ಇಟ್ಟುಕೊಂಡ. ಮನೆಗೆ ಬಂದವನೇ ಎದೆಯುಬ್ಬಿಸಿ ಹೆಂಡತಿಗೆ ಹೇಳಿದ, "ಇನ್ನು ಮೇಲೆ ನಾನು ಹಸ್ತಚಾಲಿತ ಸ್ವಯಂಚಾಲನಾ ವಿಭಾಗದ ಮುಖ್ಯಸ್ಥ."

ಅವಳು ಒಗೆದ ಬಟ್ಟೆ ಮಡಚ್ತಾ ಇದ್ದಳು. ತಲೆ ಎತ್ತಲಿಲ್ಲ.

"ಕೂತು ಮಾಡೋದಾ, ನಿಂತು ಮಾಡೋದಾ?"

"ನಿಂತು."

"ಹಾಗಾದ್ರೆ ನಾಳೆ ಆ ಬೂಟು ಬೇಡ, ಚಪ್ಪಲಿ ಹಾಕ್ಕೊಂಡು ಹೋಗಿ. ಸಂಜೆ ಹೊತ್ತಿಗೆ ಕಾಲು ಬಾತುಹೋಗುತ್ತೆ."