ಯುದ್ಧದ ನಡುವೆ ನಿಲ್ಲಿಸುವ ಹಾಗಿಲ್ಲ

ಸಂಜೆ ತಾಂಬೂಲ ಬದಲಾಯಿಸುವವರಿದ್ದರು. ನನ್ನ ಕೈಕಾಲು ಬೆಳಗಿನಿಂದ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮಹಡಿ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. “ಒಂದು ಕಡೆ ಕೂತ್ಕೊಳ್ಳೇ ಸಾತ್ವಿಕಾ, ನಿನ್ನ ನೋಡಿದ್ರೆ ನಂಗೆ ತಲೆ ಸುತ್ತತ್ತೆ,” ಎಂದು ಅಮ್ಮ ಗದರಿದಳು. ಕೂರುವುದಾದರೂ ಎಲ್ಲಿ? ಕಾಶಿಯ ಮೇ ತಿಂಗಳು, ಹನುಮಾನ್ ಘಾಟಿನ ಗಲ್ಲಿಯ ಕಲ್ಲುಗಳೆಲ್ಲ ಕಾದು ಕೂತಿದ್ದವು, ಅದರ ಮೇಲೆ ಕರೆಂಟು ಬಂದರೆ ಬಂತು, ಹೋದರೆ ಹೋಯಿತು.

ಗಂಡು ಹೊರಗಿನವನಲ್ಲ. ನಂದನ ಭಾವ, ನನ್ನ ಸೋದರತ್ತೆ ಸರಸ್ವತಮ್ಮನವರ ಮಗ, ಎದುರು ಮನೆಯವನು. ಅತ್ತೆಯ ಮಗನನ್ನು ಮದುವೆಯಾಗುತ್ತೇನೆ ಅಂದರೆ ಕಾಲೇಜಿನ ನನ್ನ ಹಿಂದಿ ಗೆಳತಿಯರು “ಛೀ, ಭಾಯಿ ಹೈ ತುಮ್ಹಾರಾ!”, ಅಣ್ಣನಲ್ಲವೇ ಅವನು, ಎಂದು ಮುಖ ಸಿಂಡರಿಸುತ್ತಿದ್ದರು. ಅವರಿಗೇನು ಗೊತ್ತು ನಮ್ಮ ಪದ್ಧತಿ? ನಾನು ನಕ್ಕು ಸುಮ್ಮನಾಗುತ್ತಿದ್ದೆ. ಭಾವ ನನಗೆ ಇಷ್ಟ, ಬೇಕಾದಷ್ಟು ಇಷ್ಟ. ಅದರಲ್ಲಿ ಮುಚ್ಚಿಡುವಂಥದ್ದು ಏನಿಲ್ಲ.

ನಾನು ಕೇಳಿದ್ದು ಒಂದೇ ಒಂದು. ನನ್ನ ಎಂ.ಎಸ್ಸಿ. ಇನ್ನೊಂದು ವರ್ಷ ಇದೆ, ಅದು ಮುಗಿಯುವವರೆಗೆ ತಾಂಬೂಲ ಮುಂದಕ್ಕೆ ಹಾಕಿ. ತಾಂಬೂಲವಾದರೆ ಬರುವ ತಿಂಗಳೇ ಮದುವೆ, ಮದುವೆಯಾದರೆ ಓದಿಗೆ ಎಳ್ಳುನೀರು. ಅತ್ತೆ ಬಾಯಿಬಿಟ್ಟೇ ಹೇಳಿದ್ದರು: “ಯಾತ್ರಿಕರು ಬಂದ್ರೆ ಮಡಿ ಅಡುಗೆಗೆ ಒಂದು ಕೈ ಬೇಕಲ್ಲಮ್ಮ.” ಅತ್ತೆಯನ್ನು ಒಪ್ಪಿಸಬಲ್ಲವನು ಮಗನೊಬ್ಬನೇ. ಅವನನ್ನು ಕೇಳಿದರೆ ನಗುತ್ತಲೇ ಹೇಳುತ್ತಿದ್ದ, “ಯುದ್ಧಕ್ಕೆ ಇಳಿದ ಮೇಲೆ ನಡುವೆ ನಿಲ್ಸೋ ಹಾಗಿಲ್ಲ ಕಣೇ.”

ಅದು ನಮ್ಮ ಆಟದ ಮಾತು. ಗೋದೌಲಿಯಾ ಪೇಟೆಯಲ್ಲಿ ಭಾವ ಪಾಠ ಹೇಳುತ್ತಿದ್ದ ಕಂಪ್ಯೂಟರ್ ಶಾಲೆ ಮುಚ್ಚಿದಾಗ ಒಂದು ಹಳೇ ಮೆಷೀನು ಅವನ ಪಾಲಿಗೆ ಬಂದಿತ್ತು. ಅತ್ತೆ ಮನೆಯಲ್ಲಿ ಜಾಗವಿಲ್ಲವೆಂದು ಅದು ನಮ್ಮ ಮಹಡಿ ಸೇರಿತು. ಬೆಳಗ್ಗೆ ಯಾತ್ರಿಕರಿಗೆ ಪೂಜೆ ಮಾಡಿಸುವುದು, ಮಧ್ಯಾಹ್ನ ನನ್ನ ಜೊತೆ ಕೂತು ಪ್ರೋಗ್ರಾಂ ಬರೆಯುವುದು, ಹೀಗೆ ಅವನ ದಿನ. ಇಬ್ಬರೂ ಸೇರಿ ಒಂದು ಯುದ್ಧದಾಟ ಮಾಡಿದೆವು. ಈಚೆ ದಡದಲ್ಲಿ ನಮ್ಮ ಸೈನ್ಯ, ಆಚೆ ದಡದ ರಾಮನಗರದಲ್ಲಿ ಶತ್ರುವಿನ ಕೋಟೆ, ನಡುವೆ ಗಂಗೆ. ನಕ್ಷೆ, ದೋಣಿ, ಕುದುರೆಗಳ ಚಿತ್ರ ನನ್ನದು. ಯುದ್ಧದ ನಿಯಮವೆಲ್ಲ ಅವನದು.

ಆ ನಿಯಮದ ಮೇಲೇ ನಮ್ಮಿಬ್ಬರ ಜಗಳ. ಒಂದು ಯುದ್ಧ ಮುಗಿದ ಮೇಲೆ ಆಟವನ್ನು ಫ್ಲಾಪಿಯಲ್ಲಿ ಸೇವ್ ಮಾಡಿ ಇಡಬಹುದು, ನಾಳೆ ಅಲ್ಲಿಂದಲೇ ಮುಂದುವರಿಸಬಹುದು. ಯುದ್ಧದ ನಡುವೆ ಮಾತ್ರ ಆಗದು. ಸೋತರೆ, ಎದ್ದು ಹೋದರೆ, ಕರೆಂಟು ಹೋದರೆ, ಆ ಯುದ್ಧ ಮೊದಲಿನಿಂದ.

“ಈ ಊರಲ್ಲಿ ಹೀಗೆ ನಿಯಮ ಮಾಡೋನಿಗೆ ಬುದ್ಧಿ ನೆಟ್ಟಗಿದ್ಯಾ?” ಎಂದು ನಾನು ರೇಗುತ್ತಿದ್ದೆ. “ಮನುಷ್ಯರಿಗೆ ಊಟ ಇರತ್ತೆ, ನಿದ್ದೆ ಇರತ್ತೆ. ಆಡೋರ ಹೊತ್ತಿಗೆ ಬೆಲೆ ಇಲ್ವಾ? ಬೇಡ ಅನ್ನೋರು ಸೇವ್ ಮಾಡದೇ ಇರ್ಲಿ!”

“ಇದ್ರೆ ಎಲ್ಲರೂ ಮಾಡ್ತಾರೆ. ದೋಣಿ ಕಳಿಸೋದು, ಮುಳುಗಿದ್ರೆ ಹಿಂದೆ ಬರೋದು, ಮತ್ತೆ ಕಳಿಸೋದು. ಗೆಲ್ಲೋ ತನಕ ಜೂಜು. ಅದ್ರಲ್ಲಿ ಯೋಚನೆ ಎಲ್ಲಿ ಬಂತು, ಭಯ ಎಲ್ಲಿ ಬಂತು? ಭಯ ಇಲ್ದಿದ್ರೆ ಅದು ಯುದ್ಧವೇ ಅಲ್ಲ.”

ಅವನ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಎಲ್ಲವನ್ನೂ ಪಣಕ್ಕಿಟ್ಟು ದೋಣಿ ದಾಟಿಸುವ ರೋಮಾಂಚ ನನಗೂ ಗೊತ್ತು. ಚಳಿಗಾಲದಲ್ಲಿ ಒಂದು ಇಡೀ ಭಾನುವಾರ ಕೊನೆಯ ಯುದ್ಧ ಆಡಿದೆ. ಇನ್ನೇನು ಕೋಟೆಯ ಬಾಗಿಲು ಮುರಿಯಬೇಕು, ಕರೆಂಟು ಹೋಗಿ ಪಟ್ಟನೆ ಪರದೆ ಕಪ್ಪಾಯಿತು. ಬೀದಿಯಲ್ಲಿ ಯಾರೋ “ಬಿಜ್ಲೀ ಗಯೀ!” ಎಂದು ಕೂಗಿದರು. ನಾನು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟೆ. ಭಾವ ಪಕ್ಕದಲ್ಲೇ ಇದ್ದ. “ಇದೂ ಯುದ್ಧವೇ ಕಣೇ, ಮತ್ತೆ ಮೊದಲಿಂದ ಶುರು ಮಾಡು,” ಎಂದು ತಲೆ ನೇವರಿಸಿದ.

ಆ ಯುದ್ಧವನ್ನು ನಾನು ಇವತ್ತಿನವರೆಗೂ ಗೆದ್ದಿಲ್ಲ. ಅವನು ಗೆದ್ದಿದ್ದ, ಅದೂ ಎಷ್ಟೋ ಸಲ. ಅವನು ಆಡುವುದು ಒಬ್ಬನೇ ಇದ್ದಾಗ, ಗೆದ್ದ ಮೇಲೆ ನನ್ನನ್ನು ಕರೆದು ತೋರಿಸುತ್ತಿದ್ದ. ಎಂಥ ಗಟ್ಟಿ ಎದೆಯಪ್ಪಾ ಇವನದು, ಹಿಂದೆ ತಿರುಗಿ ನೋಡುವುದೇ ಇಲ್ಲ, ಎನ್ನಿಸುತ್ತಿತ್ತು. ನಿಜ ಹೇಳಲೇ? ನಾನು ಅವನಿಗೆ ಮನಸೋತದ್ದೇ ಅದಕ್ಕೆ. ಇಂಥವನ ಮಾತಿಗೆ ನನ್ನ ಒಂದು ವರ್ಷ ಕೊಟ್ಟರೆ ಕೊಟ್ಟೆ ಎಂದು ಒಂದು ಗಳಿಗೆ ಅನ್ನಿಸುವುದು, ಮರುಗಳಿಗೆಗೆ ಪುಸ್ತಕಗಳನ್ನು ನೋಡಿ ಯಾಕಾದರೂ ಕೊಡಲಿ ಅನ್ನಿಸುವುದು.

ತಾಂಬೂಲದ ದಿನ ಬೆಳಗ್ಗೆಯೂ ಹಾಗೇ ಒದ್ದಾಡುತ್ತ ಮಹಡಿಯಲ್ಲಿದ್ದೆ. ಭಾವ ಬಂದು ಬಾಗಿಲಲ್ಲೇ ನಿಂತ. ಮೈಮೇಲೆ ಮಡಿ ಪಂಚೆ, ಹಣೆಯಲ್ಲಿ ಗಂಧ. ಗಂಗಾಪೂಜೆಗೆ ಬಂದ ಶಿವಮೊಗ್ಗದ ಯಾತ್ರಿಕರು ಸ್ನಾನಕ್ಕೆ ಇಳಿದಿದ್ದರು, ಅವರು ಬರುವವರೆಗೆ ಬಿಡುವಂತೆ.

“ಏನು ಮುಖ ಹೀಗೆ ಮಾಡ್ಕೊಂಡಿದೀಯ?” ಎಂದ.

ನನಗೆ ಎಲ್ಲಿಲ್ಲದ ರೋಷ ಬಂತು. “ಭಾವ, ಕೊನೇ ಯುದ್ಧ ನನ್ನ ಕಣ್ಣೆದುರಿಗೆ ಗೆಲ್ಲು. ಗೆದ್ರೆ ಸೇವ್ ಅಂತ ಇನ್ನು ಬಾಯಿ ಬಿಡಲ್ಲ, ಸಂಜೆ ತಾಂಬೂಲಕ್ಕೂ ತುಟಿ ಪಿಟಕ್ಕನ್ನಲ್ಲ. ಸೋತ್ರೆ ನೀನೇ ಅತ್ತೆ ಹತ್ರ ಹೋಗಿ ಒಂದು ವರ್ಷ ಮುಂದಕ್ಕೆ ಹಾಕಿಸ್ಬೇಕು.”

“ಹುಚ್ಚಿ! ಮಡೀಲಿದೀನಿ, ಅದನ್ನ ಹೇಗೆ ಮುಟ್ಲಿ?”

“ಮುಟ್ಬೇಡ. ಹೇಳು, ನಾನು ಒತ್ತೀನಿ.”

ಅವನಿಗೂ ಆಟದ ಚಪಲ. ನನ್ನನ್ನು ಮುಟ್ಟದ ಹಾಗೆ ದೂರದಲ್ಲಿ ನಿಂತು, ಪಂಚೆ ಮೇಲೆತ್ತಿ ಹಿಡಿದು, ಕತ್ತು ಚಾಚಿ ಹೇಳತೊಡಗಿದ. ಕುದುರೆ ಬಲಕ್ಕೆ. ಬಿಲ್ಲಿನವರು ಘಾಟಿನ ಮೇಲೆ. ಎರಡು ದೋಣಿ ಇಲ್ಲೇ ಇರಲಿ. ಚೆನ್ನಾಗಿಯೇ ಆಡಿದ, ಸುಳ್ಳು ಹೇಳಬಾರದು. ನಾನು ಕೂಡ ನನ್ನ ತಾಂಬೂಲ ಮರೆತು ಅವನ ಗೆಲುವಿಗೇ ಹಾರೈಸತೊಡಗಿದೆ. ಉಳಿದ ಸೈನ್ಯವನ್ನೆಲ್ಲ ಒಂದೇ ಸಲಕ್ಕೆ ನದಿ ದಾಟಿಸುವ ಗಳಿಗೆ ಬಂತು. ದಾಟಿದರೆ ಕೋಟೆ ನಮ್ಮದು, ಮುಳುಗಿದರೆ ಎಲ್ಲವೂ ಹೋಯಿತು. ನನ್ನ ಬೆರಳು ಕೀಲಿಯ ಮೇಲಿತ್ತು.

“ತಡಿ ತಡಿ,” ಎಂದ ಭಾವ, ಕಣ್ಣು ಪರದೆಯ ಮೇಲೆಯೇ ಇತ್ತು. “ಮೊದ್ಲು ಎಫ್ ಒಂಬತ್ತು ಒತ್ತು.”

ಒತ್ತಿದೆ. ಫ್ಲಾಪಿಯ ಕೆಂಪು ದೀಪ ಹೊತ್ತಿಕೊಂಡಿತು, ಡ್ರೈವು ಕರಕರ ಎಂದಿತು. ಯುದ್ಧದ ನಡುವೆ ಆ ಸದ್ದು ನಾನು ಎಂದೂ ಕೇಳಿರಲಿಲ್ಲ.

“ಏನದು?”

ಅವನು ಪಂಚೆಯ ಅಂಚು ಸರಿಮಾಡಿಕೊಂಡ. ನಾನು ದೋಣಿಗಳನ್ನು ಬಿಟ್ಟೆ. ಎಲ್ಲ ಮುಳುಗಿದವು. ಆಮೇಲೆ, ಪಕ್ಕದ ಕೀಲಿ ಏನು ಮಾಡುತ್ತದೋ ನೋಡೋಣವೆಂದು ಎಫ್ ಹತ್ತು ಒತ್ತಿದೆ. ಡ್ರೈವು ಮತ್ತೆ ಕರಕರ ಎಂದಿತು. ಮುಳುಗಿದ ಸೈನ್ಯವೆಲ್ಲ ಮೈ ಕೂಡ ಒದ್ದೆಯಾಗದೆ ಈಚೆ ದಡದಲ್ಲಿ ನಿಂತಿತ್ತು.

“ಎಷ್ಟು ದಿನದಿಂದ ಇದೆ ಇದು?”

“ಮೊದ್ಲಿಂದ್ಲೂ... ಪ್ರೋಗ್ರಾಂ ಪರೀಕ್ಷೆ ಮಾಡಕ್ಕೆ ಅಂತ ಇಟ್ಟಿದ್ದು ಕಣೇ. ಆಮೇಲೆ ಅಭ್ಯಾಸ ಆಗೋಯ್ತು.”

“ಆ ಭಾನುವಾರ ನಾನು ಅಳ್ತಾ ಕೂತಿದ್ನಲ್ಲ, ಆಗ್ಲೂ ಇತ್ತಾ?”

“ಆಟಕ್ಕೆ ಇಷ್ಟೆಲ್ಲ ಯಾಕೆ ಸಾತ್ವಿ?”

ಮೈಯೆಲ್ಲ ಉರಿದುಹೋಯಿತು. “ಸೇವ್ ಮಾಡಿದ್ದು ತಪ್ಪು ಅಂತ ನಾನು ಯಾವತ್ತು ಹೇಳ್ದೆ? ಬೇಕು ಬೇಕು ಅಂತ ಬಡ್ಕೊಂಡಿದ್ದೇ ನಾನು! ನಿನಗೆ ಇಟ್ಕೊಂಡು ನನಗೆ ಭಯದ ಪಾಠ ಹೇಳಿದ್ಯಲ್ಲ ಭಾವ, ನಾಚ್ಕೆ ಆಗ್ಲಿಲ್ವಾ?”

ಅಳು ಒತ್ತರಿಸಿ ಬಂತು. ಅವನೆದುರು ಮತ್ತೆ ಅಳುವ ಮನಸ್ಸಿರಲಿಲ್ಲ. ದಡದಡನೆ ಮೆಟ್ಟಿಲಿಳಿದೆ. ಕೆಳಗೆ ನಡುಮನೆಯಲ್ಲಿ ಅತ್ತೆ ತಟ್ಟೆಗೆ ವೀಳ್ಯದೆಲೆ ಜೋಡಿಸುತ್ತಿದ್ದರು, ಅಪ್ಪ ಪಂಚಾಂಗ ಬಿಡಿಸಿ ಕೂತಿದ್ದರು.

“ಅಪ್ಪ, ಇವತ್ತು ತಾಂಬೂಲ ಬೇಡ.”

ಅತ್ತೆಯ ಕೈ ಎಲೆಯ ಮೇಲೇ ನಿಂತಿತು. “ಅಯ್ಯೋ! ಏನಾಯ್ತೇ ಈಗ?” ಎಂದರು. ಅಪ್ಪ ಕನ್ನಡಕ ತೆಗೆದು ನನ್ನನ್ನೂ ನನ್ನ ಹಿಂದೆ ಇಳಿದು ಬಂದ ಭಾವನನ್ನೂ ನೋಡಿದರು. ಎಫ್ ಒಂಬತ್ತು, ಎಫ್ ಹತ್ತು ಅಂತ ಇವರಿಗೆ ಏನೆಂದು ಹೇಳಲಿ?

ಭಾವನೇ ಬಾಯಿ ಹಾಕಿದ. ಬೆವರಿದ್ದ, ಆದರೂ ಮುಖದಲ್ಲಿ ನಗು ತಂದುಕೊಂಡಿದ್ದ. “ಏನಿಲ್ಲ ಮಾವ. ಅವಳ ಪರೀಕ್ಷೆ ಮುಗೀಲಿ ಅಂತ ಅಷ್ಟೆ. ಒಂದು ವರ್ಷ ಮುಂದಕ್ಕೆ ಹಾಕೋಣ, ಅದಕ್ಕೇನಂತೆ.”

“ನೀನೇ ಹೀಗಂದ್ರೆ ನಂದೇನಿದೆಯೋ,” ಎಂದರು ಅತ್ತೆ, ಸ್ವಲ್ಪ ಮುನಿಸಿನಿಂದ. “ಹಾಗೇ ಆಗ್ಲಿ ಬಿಡು.”

ಇಷ್ಟೇ! ನಾನು ತಿಂಗಳುಗಟ್ಟಲೆ ಅಂಗಲಾಚಿದ್ದು ಅವನ ಒಂದೇ ಮಾತಿಗೆ ಆಗಿಹೋಯಿತು. ಅಪ್ಪ ಸಮಾಧಾನದ ಉಸಿರುಬಿಟ್ಟು ಮುಂದಿನ ವರ್ಷದ ಮುಹೂರ್ತದ ಮಾತು ತೆಗೆದರು. ಭಾವ ನನ್ನ ಕಡೆ ನೋಡಿದ, ನೀನು ಕೇಳಿದ್ದು ಸಿಕ್ಕಿತಲ್ಲ ಎನ್ನುವ ಹಾಗೆ.

“ಮುಂದಕ್ಕಲ್ಲ ಅಪ್ಪ,” ಎಂದೆ. “ನನಗೆ ಈ ಗಂಡು ಬೇಡ.”